ಏಣಿ ತೆಗಿ ಎಂದ ಛಾಯಾಗ್ರಾಹಕ

"ಸ್ಟುಡಿಯೋಗೆ ಹೋಗೋದು ಮನೇಲಿ ಕಲಾವಿದ ಇಲ್ಲದವರು ಕಣೇ. ನಿನಗೆ ಆ ಕಷ್ಟ ಇಲ್ಲ."

ಶನಿವಾರ ಸಂಜೆ ಅಡುಗೆಮನೆಯ ಬಾಗಿಲಿಗೆ ಒರಗಿ, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು, ಪ್ರಜೆಗಳಿಗೆ ಅಭಯ ಕೊಡುವ ದೊರೆಯ ಗತ್ತಿನಲ್ಲಿ ಅವನು ಹೀಗೆ ಘೋಷಿಸಿದಾಗ ಅವನ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನವನು ಆನಂದಬಾಷ್ಪವೆಂದೇ ತಿಳಿದ.

"ನಾಳೆ ಹನ್ನೊಂದಕ್ಕೆ ಬನ್ನಿ ಅಂತ ಸ್ಟುಡಿಯೋದವರು ಹೇಳಿದ್ದಾರೆ," ಎಂದಳು ಅವಳು, ಚಾಕು ನಿಲ್ಲಿಸದೆ.

"ಬರಲ್ಲ ಅಂತ ಆಗಲೇ ಫೋನ್ ಮಾಡಿ ಹೇಳಿಬಿಟ್ಟೆ."

ಚಾಕು ನಿಂತಿತು.

"ರೀ, ನಾಳೆ ನಾಲ್ಕು ಗಂಟೆ ಬಸ್ಸಿಗೆ ಅಪ್ಪ ಅಮ್ಮ ಹೊರಟುಬಿಡ್ತಾರೆ. ಮತ್ತೆ ಬರೋದು ಯಾವಾಗಲೋ. ಇಷ್ಟು ವರ್ಷದಲ್ಲಿ ಅಮ್ಮ ನನ್ನ ಹತ್ರ ಬಾಯಿಬಿಟ್ಟು ಕೇಳಿರೋದು ಇದೊಂದೇ."

ಇದೊಂದು ಎಂದರೆ ಏನೆಂಬುದನ್ನು ಇಲ್ಲೇ ಹೇಳಿಬಿಡಬೇಕು. ಅವನ ಅತ್ತೆ ಮಾವನ ಮದುವೆಯಾಗಿ ನಲವತ್ತು ವರ್ಷ. ಇಬ್ಬರೂ ಜೊತೆಯಾಗಿರುವ ಫೋಟೋ ಅಂತ ಇರುವುದು ಒಂದೇ, ಮದುವೆಯ ದಿನದ್ದು. ಅದರಲ್ಲಿ ಮಾವ ತಾವೇ ಹೊಲಿದುಕೊಂಡ ಹೊಸ ಕೋಟು ತೊಟ್ಟು ಸೇನಾಪತಿಯ ಹಾಗೆ ನಿಂತಿದ್ದಾರೆ. ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡು ನಿಂತಿದ್ದಾರೆ. ಫೋಟೋದವನು "ರೆಡಿ" ಎಂದನಂತೆ. ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ಅತ್ತೆಯ ರೆಪ್ಪೆಗಳು ಅಂಗಡಿಯ ಷಟರಿನಂತೆ ಧಡಾರನೆ ಇಳಿದುಬಿಟ್ಟವಂತೆ. ಅಲ್ಲಿಂದ ಮುಂದೆ ಎಷ್ಟೋ ಗುಂಪು ಫೋಟೋಗಳಲ್ಲಿ ಅತ್ತೆ ನಿಂತಿದ್ದುಂಟು. ಎಲ್ಲದರಲ್ಲೂ ಅದೇ ರೆಡಿ, ಅದೇ ಷಟರು. ಗೋಡೆಯ ಮೇಲಿನ ಮದುವೆ ಫೋಟೋ ನೋಡಿದವರೆಲ್ಲ ನಲವತ್ತು ವರ್ಷದಿಂದ ಒಂದೇ ಪ್ರಶ್ನೆ ಕೇಳುತ್ತಾರೆ: "ಪಾಪ, ಹಿಂದಿನ ದಿನ ನಿದ್ದೆ ಆಗಿರಲಿಲ್ವಾ?"

ಈ ಸಲ ಮಗಳ ಮನೆಗೆ ಬಂದಾಗ ಅತ್ತೆ ಮೆಲ್ಲಗೆ ಹೇಳಿದ್ದರು: "ಇವರ ಪಕ್ಕದಲ್ಲಿ ನಾನು ಕಣ್ಣು ಬಿಟ್ಕೊಂಡಿರೋ ಫೋಟೋ ಒಂದು ಇರ್ಲಿ ಕಣೇ. ಎಚ್ಚರ ಇದ್ದೇ ಮದುವೆ ಆದ್ಲು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ."

"ಅಮ್ಮನ ಕಣ್ಣು ನಾಳೆಯೂ ಮುಚ್ಚಿತೋ, ನಾನು ಕಣ್ಣು ಬಿಡ್ತೀನಿ. ಆಮೇಲೆ ನಿಮ್ಮ ಹಣೇಬರಹ," ಎಂದಳು ಹೆಂಡತಿ.

"ಒಂದ್ನಿಮಿಷ," ಎಂದ ಅವನು.

ಈ "ಒಂದ್ನಿಮಿಷ" ಅವನ ಮಾತಷ್ಟೇ ಅಲ್ಲ, ಅವನ ಹೆಸರೇ ಆಗಿಹೋಗಿತ್ತು. ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಅವನದು ದೂರು ಕೇಳುವ ಕುರ್ಚಿ. ಎಲ್ಲೆಲ್ಲೋ ಕಟ್ಟಡಗಳಲ್ಲಿ ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದ ಜನ ಅವನಿಗೆ ಫೋನ್ ಮಾಡಿ ಗೋಳಾಡುತ್ತಿದ್ದರು. ಅವನು ಬೆಣ್ಣೆಯಂಥ ದನಿಯಲ್ಲಿ "ಒಂದ್ನಿಮಿಷ ಸಾರ್, ಒಂದ್ನಿಮಿಷ ಮೇಡಂ" ಎನ್ನುತ್ತಿದ್ದ. ಮೆಕ್ಯಾನಿಕ್ ತಲುಪಲು ಮುಕ್ಕಾಲು ಗಂಟೆಯಾದರೂ ಆ ನಿಮಿಷ ಮುಗಿಯುತ್ತಿರಲಿಲ್ಲ. ಸಿಕ್ಕಿಬಿದ್ದವರಿಗೆ ಏನೇನು ಹೇಳಬೇಕೆಂದು ಅವನು ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಆಫೀಸಿನ ಗೋಡೆಗೆ ಅಂಟಿಸಿದ್ದ. "ಗಾಬರಿಯಾಗಬೇಡಿ. ನೀವು ಕ್ಷೇಮವಾಗಿದ್ದೀರಿ. ಗೋಡೆಗೆ ಒರಗಿ ನಿಂತು, ಜೊತೆಯಲ್ಲಿರುವವರ ಸಂಗಡ ಹರಟೆ ಹೊಡೆಯಿರಿ. ಹೊತ್ತು ಹೋದದ್ದೇ ತಿಳಿಯುವುದಿಲ್ಲ." ಈ ಕೊನೆಯ ವಾಕ್ಯದ ಬಗ್ಗೆ ಅವನಿಗೆ ಒಬ್ಬ ಸಾಹಿತಿಗಿರುವಷ್ಟೇ ಹೆಮ್ಮೆಯಿತ್ತು. ಆಫೀಸಿನಲ್ಲಿ, ಬೀದಿಯಲ್ಲಿ, ಕಡೆಗೆ ಮನೆಯಲ್ಲಿಯೂ ಎಲ್ಲರೂ ಅವನನ್ನು ಒಂದ್ನಿಮಿಷ ಎಂದೇ ಕರೆಯತೊಡಗಿದ್ದರು.

ಮೂರು ತಿಂಗಳ ಹಿಂದೆ ಈ ಒಂದ್ನಿಮಿಷನಿಗೆ ಕ್ಯಾಮೆರಾದ ಹುಚ್ಚು ಹತ್ತಿತು. ಸುಮ್ಮನೆ ನಿಲ್ಲಿಸಿ ಫೋಟೋ ತೆಗೆಯುವುದು ಅವನ ಘನತೆಗೆ ಕಡಿಮೆ. ಸಹೋದ್ಯೋಗಿಯ ಬಾಯಿಗೆ ಕತ್ತಿಯ ಬದಲು ಚಮಚ ಕೊಟ್ಟು ಕಡಲ್ಗಳ್ಳನನ್ನಾಗಿ ಮಾಡಿದ್ದ. ಹೆಂಡತಿಯನ್ನು ಬಟ್ಟೆ ಒಗೆಯುವ ಟಬ್ಬಿನಲ್ಲಿ ಕೂರಿಸಿ, ಕೈಗೆ ಪೊರಕೆ ಕೊಟ್ಟು, ದೋಣಿಯ ಹುಟ್ಟು ಹಾಕಿಸಿದ್ದ. ಟಬ್ಬು ಸೀಳಿತು, ಫೋಟೋ ಚೆನ್ನಾಗಿ ಬಂತು. ಅಂಥವನಿಗೆ ಅತ್ತೆ ಮಾವನನ್ನು ಎರಡು ಕುರ್ಚಿಗಳಲ್ಲಿ ಕೂರಿಸಿ "ರೆಡಿ" ಎನ್ನುವ ಸ್ಟುಡಿಯೋ ಹೇಗೆ ರುಚಿಸೀತು?

"ಅವರು ಹಾರ್ತಾರೆ," ಎಂದ ಅವನು.

"ಯಾರು?"

"ಅತ್ತೆ ಮಾವ. ಒಂದು ಕೊಡೆ ಹಿಡ್ಕೊಂಡು, ಮೋಡದ ಮೇಲೆ."

"ಅಮ್ಮನಿಗೆ ಮಂಡಿನೋವು."

"ಅದಕ್ಕೇ ಹೇಳಿದ್ದು, ನಡೆಯೋ ಕೆಲಸವೇ ಇಲ್ಲ!"

ಉಪಾಯ ಸರಳವಾಗಿತ್ತು. ನಡುಮನೆಯ ನೆಲವೇ ಆಕಾಶ. ದಪ್ಪ ಜಮಖಾನದ ಮೇಲೆ ನೀಲಿ ಹೊದಿಕೆಗಳನ್ನು ಹಾಸುವುದು, ಅದರ ಮೇಲೆ ಹತ್ತಿಯ ಮೋಡ ಹರಡುವುದು, ಅತ್ತೆ ಮಾವ ಅಂಗಾತ ಮಲಗಿ ಕೊಡೆ ಹಿಡಿಯುವುದು. ಛಾಯಾಗ್ರಾಹಕ ನಡುಮನೆಯ ಗೋಡೆಗುಂಟ ಬಾಗಿಲಿನ ಮೇಲಿದ್ದ ಅಟ್ಟ ಹತ್ತಿ, ಹೊಟ್ಟೆ ಅಡಿಯಾಗಿ ಮಲಗಿ, ಮೇಲಿನಿಂದ ತೆಗೆಯುವುದು. ನೋಡಿದವರಿಗೆ ಇಬ್ಬರೂ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತದೆ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವನ ಗೆಳೆಯ ಪೇಂಟರ್ ಏಣಿ ಹೊತ್ತುಕೊಂಡು ಬಂದ. ಮನೆಗಳಿಗೆ ಬಣ್ಣ ಹೊಡೆಯುವ ಈ ಗೆಳೆಯ ಬೆರಳುಗಳಿಂದ ಹುಬ್ಬಿನವರೆಗೆ ಒಂದಲ್ಲ ಒಂದು ಬಣ್ಣ ಹಚ್ಚಿಕೊಂಡೇ ಇರುತ್ತಿದ್ದ. ಬಿಳಿ ಡಬ್ಬಿಯ ಮುಚ್ಚಳವೊಂದನ್ನೂ ತಂದಿದ್ದ.

"ಇದೇನೋ?"

"ಚಂದ್ರ. ಆಕಾಶ ಅಂದ ಮೇಲೆ ಅವನೊಬ್ಬ ಬೇಡ್ವಾ? ಆದ್ರೆ ಹುಷಾರು, ಇನ್ನೂ ಹಸಿ ಇದ್ದಾನೆ. ಲೋ, ಬೇಗ ಮುಗಿಸು. ಹಿಂದಿನ ಬೀದೀಲಿ ಒಂದು ಸೀಲಿಂಗ್ ಅರ್ಧಕ್ಕೆ ಬಿಟ್ಟು ಬಂದಿದ್ದೀನಿ."

"ಒಂದ್ನಿಮಿಷದ ಕೆಲಸ ಕಣೋ."

ಮೋಡಕ್ಕಾಗಿ ನಾಲ್ಕು ದಿಂಬುಗಳ ಹೊಟ್ಟೆ ಸೀಳಲಾಯಿತು. ರಾತ್ರಿ ತಲೆ ಎಲ್ಲಿಡುವುದೆಂದು ಹೆಂಡತಿ ಕೇಳಿದ್ದಕ್ಕೆ "ಮೋಡದ ಮೇಲೆ" ಎಂದ. ಶಿಶುವಿಹಾರದ ಟೀಚರಾದ ಅವಳು ಕೋಪದಲ್ಲಿಯೂ ಕತ್ತರಿ ಹಿಡಿದು ಕಾಗದದ ಹನ್ನೊಂದು ಹಕ್ಕಿ ಮಾಡಿಕೊಟ್ಟಳು. ಅದರಲ್ಲಿ ಒಂದು ಮೀನಿನ ಹಾಗಿತ್ತು. ಅದೂ ಹಾರಿಕೊಂಡಿರಲಿ ಎಂದು ಬಿಟ್ಟರು.

ಅಲ್ಲಿಯವರೆಗೆ ಮೂಲೆಯ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದ ಮಾವ ಈಗ ಎದ್ದರು. ಮಾವ ನಿವೃತ್ತ ಟೈಲರ್. ನಲವತ್ತೈದು ವರ್ಷ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದವರು. ಅಳತೆ ಟೇಪು ಇಂದಿಗೂ ಕೊರಳಿಂದ ಇಳಿದಿರಲಿಲ್ಲ. ಮಾತನ್ನೂ ಬಟ್ಟೆಯಂತೆ ಅಳೆದು ಬಳಸುತ್ತಿದ್ದರು. ದಿನಕ್ಕೆ ಹತ್ತು ಹನ್ನೆರಡು ಪದ, ಅದರಲ್ಲಿ ಅರ್ಧ "ಹೂಂ".

"ಗಾಳಿ ಇಲ್ಲ," ಎಂದರು ಮಾವ.

"ಕಿಟಕಿ ತೆಗೀಲಾ ಮಾವ?"

"ಬಟ್ಟೇಲಿ. ಹಾರೋರ ಬಟ್ಟೆ ಹೀಗೆ ಸುಮ್ನೆ ಬಿದ್ದಿರಲ್ಲ."

ಅತ್ತೆಯನ್ನು ಆಕಾಶದಲ್ಲಿ ಮಲಗಿಸಿ, ಅವರ ಶಾಲನ್ನು ಗಾಳಿಗೆ ಹಾರುವಂತೆ ನೆರಿಗೆ ನೆರಿಗೆಯಾಗಿ ಹರಡಿ, ಮಾವ ಒಂದೊಂದು ನೆರಿಗೆಗೂ ಗುಂಡುಸೂಜಿ ಚುಚ್ಚಿ ಜಮಖಾನಕ್ಕೆ ಸಿಕ್ಕಿಸಿದರು. ಎಂಥ ಗಾಳಿ! ಅದು ಯಾವ ದಿಕ್ಕಿನಿಂದ ಬೀಸುತ್ತಿದೆಯೆಂದು ನೋಡಿದವರು ಬೆರಳು ತೋರಿಸಿ ಹೇಳಬಹುದಿತ್ತು. ಆಮೇಲೆ ಫೋಟೋಗೆಂದೇ ಊರಿಂದ ತಂದಿದ್ದ ತಮ್ಮ ಮದುವೆಯ ಕೋಟು ತೊಟ್ಟು ತಾವೂ ಪಕ್ಕದಲ್ಲಿ ಮಲಗಿದರು. ನಲವತ್ತು ವರ್ಷದ ಹಿಂದಿನ ಕೋಟು ಈಗಲೂ ಸರಿಹೊಂದಿದ್ದು ನೋಡಿ ಅಳಿಯ ಬೆರಗಾದ.

"ಎರಡು ಬೆರಳು ಒಳಗೆ ಮಡಚಿ ಹೊಲಿದಿದ್ದೆ," ಎಂದರು ಮಾವ. "ಆಗಾಗ ಬಿಚ್ಚಿಕೊಂಡೆ. ಬೆಳೆಯೋರ ಬಟ್ಟೆ ಕತ್ತರಿಸಬಾರದು."

ಅಂದಿನ ಮಾತಿನ ಕೋಟಾ ಅಲ್ಲಿಗೇ ಮುಗಿಯಿತು. ಹೀಗೆ ಕತ್ತರಿಸದೆ ಮಡಚಿಡುವುದು ಮಾವನ ಜೀವನ ಸಿದ್ಧಾಂತ. ಮದುವೆಗೆ ಅಳಿಯನಿಗೆ ಹೊಲಿದುಕೊಟ್ಟ ಪ್ಯಾಂಟಿನ ಕಾಲಿನೊಳಗೂ ನಾಲ್ಕು ಬೆರಳು ಬಟ್ಟೆ ಮಡಚಿಟ್ಟಿದ್ದರು. ಇಪ್ಪತ್ತೆಂಟು ತುಂಬಿದ ಗಂಡು ಇನ್ನೆಷ್ಟು ಉದ್ದ ಬೆಳೆದಾನೆಂದು ಆಗ ಯಾರಿಗೂ ಅರ್ಥವಾಗಿರಲಿಲ್ಲ.

ಮಾವ ಮಲಗಿದಲ್ಲಿಂದಲೇ ಕಣ್ಣುಸನ್ನೆಯಲ್ಲಿ ಹೇಳಿಕೊಟ್ಟಂತೆ ಮಗಳು ಕೋಟಿನ ಚುಂಗುಗಳಿಗೂ ತೋಳುಗಳಿಗೂ ಗುಂಡುಸೂಜಿ ಹಾಕಿದಳು. ಒಟ್ಟು ನಲವತ್ತೆರಡು. ಗಂಡ ಹೆಂಡಿರ ಕೈಗಳ ನಡುವೆ ಕೊಡೆ ನಿಂತಿತು. ಅತ್ತೆಯ ಮೊಣಕೈ ಪಕ್ಕದಲ್ಲಿ ಚಂದ್ರ ಉದಯಿಸಿದ.

ಅವನು ಏಣಿ ಹತ್ತಿ ಅಟ್ಟ ಸೇರಿದ. ಅಟ್ಟಕ್ಕೂ ಛಾವಣಿಗೂ ನಡುವೆ ಒಂದೂವರೆ ಅಡಿ. ಮುರಿದ ಟೇಬಲ್ ಫ್ಯಾನು, ಹಳೆಯ ಸೂಟ್‌ಕೇಸು, ಮೂರು ಬಾಡಿಗೆದಾರರ ಕಾಲದ ಧೂಳು. ಇವುಗಳ ನಡುವೆ ಹಲ್ಲಿಯಂತೆ ಮಲಗಿ ಕ್ಯಾಮೆರಾದಲ್ಲಿ ಕಣ್ಣಿಟ್ಟ. ಆಹಾ! ಕೆಳಗೆ ನಡುಮನೆಯೇ ಇರಲಿಲ್ಲ. ನೀಲಿ ಬಾನು, ಬೆಳ್ಮೋಡ, ಹತ್ತು ಹಕ್ಕಿ, ಒಂದು ಮೀನು, ಗಾಳಿಗೆ ಎದೆಯೊಡ್ಡಿ ಹಾರುತ್ತಿರುವ ಅತ್ತೆ ಮಾವ. ಒಂದೇ ಒಂದು ಕಂಟಕವೆಂದರೆ, ಚಿತ್ರದ ಅಂಚಿನಲ್ಲಿ ಏಣಿಯ ಎರಡು ಕಾಲು.

"ಲೋ, ಏಣಿ ತೆಗಿಯೋ," ಎಂದ ಪೇಂಟರನಿಗೆ.

"ತೆಗೀಲಾ?"

"ತೆಗಿ, ಪೂರ್ತಿ ತೆಗಿ. ಎಲ್ಲೂ ಕಾಣಬಾರದು."

"ಆಯ್ತಪ್ಪ," ಎಂದ ಪೇಂಟರ್. ಪೂರ್ತಿ ತೆಗೆದ. ಎಲ್ಲೂ ಕಾಣದ ಹಾಗೆ ತೆಗೆದ. ಅರ್ಧಕ್ಕೆ ನಿಂತ ಸೀಲಿಂಗಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಏಣಿಯನ್ನು ಹೆಗಲಿಗೇರಿಸಿ, ಮೆಟ್ಟಿಲಿಳಿದು, ಹಿಂದಿನ ಬೀದಿಗೆ ಹೊರಟುಹೋದ. ಎಲ್ಲರ ಕಣ್ಣೂ ಆಕಾಶದಲ್ಲಿದ್ದುದರಿಂದ ಯಾರೂ ಅದನ್ನು ಗಮನಿಸಲಿಲ್ಲ.

"ರೆಡಿ," ಎಂದ ಛಾಯಾಗ್ರಾಹಕ.

ಷಟರು ಇಳಿಯಿತು. ಕ್ಯಾಮೆರಾದ್ದಲ್ಲ, ಅತ್ತೆಯದು.

"ಅಯ್ಯೋ, ಆ ಪದ ಹೇಳ್ಬೇಡಿ ಅಂದಿದ್ನಲ್ಲ ಅಳಿಯಂದ್ರೇ."

"ಮರೆತೆ ಅತ್ತೆ. ಈಗ ಏನೂ ಹೇಳಲ್ಲ."

ಅವನು ಏನೂ ಹೇಳಲಿಲ್ಲ. ಅವನು ಏನೂ ಹೇಳದಿದ್ದರೆ ಈಗ ತೆಗೆಯುತ್ತಾನೆ ಎಂದು ಅತ್ತೆಗೆ ಗೊತ್ತಾಗಿ ಕಣ್ಣು ಮುಚ್ಚಿತು. "ಈಗ ತೆಗೆಯಲ್ಲ" ಎಂದು ಸುಳ್ಳು ಹೇಳಿ ತೆಗೆದ. ಸುಳ್ಳೆಂದು ಕಣ್ಣಿಗೆ ತಿಳಿದುಹೋಯಿತು. ಕೆಮ್ಮಿದ, ಮುಚ್ಚಿತು. ಹಾಡು ಗುನುಗಿದ, ಎರಡನೇ ಸಾಲಿಗೆ ಮುಚ್ಚಿತು. ಕಡೆಗೆ, ಬೆಳಕು ಸರಿಯಾಗಲಿ ಎಂದು ಬಾಯಿತಪ್ಪಿ "ಒಂದ್ನಿಮಿಷ" ಎಂದ. ಅದನ್ನು ನಂಬಿ ಮಾವ ಗಾಢ ನಿದ್ದೆಗೆ ಜಾರಿದರು. ಅವರ ಗೊರಕೆಗೆ ಮೂಗಿನ ಬಳಿಯ ಮೋಡವೊಂದು ಹೋಗಿ ಬಂದು, ಹೋಗಿ ಬಂದು ಮಾಡತೊಡಗಿತು. ಮೂವತ್ತೇಳು ಫೋಟೋಗಳಾದವು. ಮೊದಲಿನವುಗಳಲ್ಲಿ ಒಬ್ಬರ ಕಣ್ಣು ಮುಚ್ಚಿತ್ತು, ಕೊನೆಯವುಗಳಲ್ಲಿ ಇಬ್ಬರದೂ.

"ಬರ್ತಾ ಇದೆಯೇನ್ರೀ?" ಹೆಂಡತಿ ಕೆಳಗಿನಿಂದ ಕೇಳಿದಳು.

"ಕಲೆಗೆ ಅವಸರ ಸಲ್ಲದು."

"ಬಸ್ಸಿಗೆ ಸಲ್ಲುತ್ತೆ. ಹನ್ನೆರಡೂವರೆ ಆಯ್ತು."

ಕೊಡೆಯ ಕೋನ ಬದಲಿಸಿ ನೋಡೋಣವೆಂದು ಅವನು ಇಳಿಯಲು ಕಾಲು ಚಾಚಿದ. ಕಾಲಿಗೆ ಗಾಳಿ ಸಿಕ್ಕಿತು. ಬಲಕ್ಕೆ ಚಾಚಿದ, ಗಾಳಿ. ಎಡಕ್ಕೂ ಗಾಳಿ. ಮಾವ ಬಟ್ಟೆಯಲ್ಲಿ ಬೀಸಿಸಿದ್ದ ಗಾಳಿಯೆಲ್ಲ ಈಗ ಅಟ್ಟದ ಕೆಳಗೆ ಬಂದು ನಿಂತಿತ್ತು.

"ಏಣಿ ಎಲ್ಲೇ?"

"ನೀವೇ ತೆಗಿ ಅಂದ್ರಲ್ಲ," ಎಂದಳು ಹೆಂಡತಿ. ಆಮೇಲೆ ಅವಳೂ ಸುತ್ತ ನೋಡಿದಳು. "ಪೇಂಟರ್ ಎಲ್ಲಿ?"

ಪೇಂಟರನ ಫೋನು ಹೊಡೆದುಕೊಂಡಿತು. ಎತ್ತಲಿಲ್ಲ. ಬಣ್ಣದ ಕೈಯಲ್ಲಿ ಅವನು ಫೋನ್ ಮುಟ್ಟುವುದಿಲ್ಲವೆಂಬುದು ಊರಿಗೇ ಗೊತ್ತು. "ಹೋಗಿ ಏಣಿ ತರ್ತೀನಿ, ಅಲ್ಲಾಡಬೇಡಿ," ಎಂದು ಅವಳು ಚಪ್ಪಲಿ ಮೆಟ್ಟಿದಳು. ಹೇಳುವ ಅಗತ್ಯವಿರಲಿಲ್ಲ. ಒಬ್ಬನಿಗೆ ಏಣಿಯಿಲ್ಲ, ಇಬ್ಬರಿಗೆ ನಲವತ್ತೆರಡು ಗುಂಡುಸೂಜಿ.

ಹತ್ತು ನಿಮಿಷಕ್ಕೆ ಅವಳ ಫೋನು ಬಂತು.

"ಏಣಿ ಸಿಕ್ತು ಕಣ್ರೀ."

"ಅಬ್ಬಾ. ತಗೊಂಡು ಬಾ."

"ಅದರ ಮೇಲೆ ಇವರಿದ್ದಾರೆ. ಸೀಲಿಂಗ್ ಮಧ್ಯೆ ನಿಲ್ಲಿಸಿದ್ರೆ ಕಲೆ ಕೂರುತ್ತಂತೆ. ಮುಗಿಯೋವರೆಗೂ ಇಳಿಯಲ್ವಂತೆ."

"ಎಷ್ಟು ಹೊತ್ತಂತೆ?"

ಅತ್ತ ಏನೋ ಗುಸುಗುಸು. "ಒಂದ್ನಿಮಿಷ ಅಂತಿದ್ದಾರೆ."

ಆ ಪದದ ನಿಜವಾದ ಅಳತೆ ಜಗತ್ತಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವನ ಮೈಯಲ್ಲಿ ಬೆವರೊಡೆಯಿತು. ಬೆವರಿಗೆ ಧೂಳು ಮೆತ್ತಿತು.

"ಮೂರಕ್ಕಾದ್ರೂ ಹೊರಡ್ಬೇಕು ಅಳಿಯಂದ್ರೇ," ಎಂದರು ಅತ್ತೆ, ಆಕಾಶದಿಂದ. "ಬಿಡಿ, ನನ್ನ ಕಣ್ಣಿನ ಹಣೇಲಿ ಫೋಟೋ ಬರೆದಿಲ್ಲ. ನೀವೇನೂ ಬೇಜಾರು ಮಾಡ್ಕೋಬೇಡಿ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತು ಮಾತ್ರ ಗುಂಡುಸೂಜಿಯಂತೆ ಒಳಗೆ ನಾಟಿತು. ಸ್ಟುಡಿಯೋದಲ್ಲಿ ಇಷ್ಟು ಹೊತ್ತಿಗೆ ಏನೋ ಒಂದು ಆಗಿಬಿಟ್ಟಿರುತ್ತಿತ್ತು. ಏನಾದರಾಗಲಿ ಎಂದು ಆಫೀಸಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದ. ಅವನ ಮನೆ ಹತ್ತಿರದಲ್ಲೇ, ಏಣಿಯೂ ಇತ್ತು. ಫೋನು ಆಫ್ ಆಗಿತ್ತು. ಡ್ಯೂಟಿಯಲ್ಲಿರುವ ಮೆಕ್ಯಾನಿಕ್ ಎಲ್ಲಿದ್ದಾನೆಂದು ತಿಳಿಯಲು ಇದ್ದದ್ದು ಒಂದೇ ದಾರಿ. ತನ್ನದೇ ಕಂಪನಿಯ ದೂರು ನಂಬರಿಗೆ, ತನ್ನದೇ ಕುರ್ಚಿಗೆ, ಅವನು ಫೋನ್ ಹಚ್ಚಿದ. ಕೈ ಕ್ಯಾಮೆರಾದ ಮೇಲಿದ್ದುದರಿಂದ ಫೋನನ್ನು ಅಟ್ಟದ ಅಂಚಿನಲ್ಲಿಟ್ಟು ಸ್ಪೀಕರ್ ಹಾಕಿದ. ಭಾನುವಾರದ ಪಾಳಿಯಲ್ಲಿ ಇದ್ದವಳು ಹದಿನೈದು ದಿನದ ಹಿಂದೆ ಸೇರಿದ ಹುಡುಗಿ. ಅವಳನ್ನು ತಯಾರು ಮಾಡಿದ್ದು ಇವನೇ.

"ನಮಸ್ಕಾರ. ಗಾಬರಿಯಾಗಬೇಡಿ. ನೀವು ಕ್ಷೇಮವಾಗಿದ್ದೀರಿ."

"ಅಮ್ಮಾ, ಇದು ನಾನು."

"ಒಂದ್ನಿಮಿಷ ಸಾರ್. ಎಷ್ಟು ಜನ ಸಿಕ್ಕಿಕೊಂಡಿದ್ದೀರಿ?"

ಅವನು ಕೆಳಗೆ ನೋಡಿದ. "ಲೆಕ್ಕಕ್ಕೆ ಮೂರು. ಅದಿರ್ಲಿ, ನಾನು ಒಂದ್ನಿಮಿಷ."

"ಆಯ್ತು ಸಾರ್, ಒಂದ್ನಿಮಿಷ ಕಾಯ್ತೀನಿ."

"ಅಯ್ಯೋ ಅಲ್ಲಮ್ಮ, ನಾನೇ ಒಂದ್ನಿಮಿಷ. ನಿನ್ನ ಸೀನಿಯರ್."

"ಸಿಕ್ಕಿಬಿದ್ದವರು ಬೇಗ ಆಗ್ಲಿ ಅಂತ ಏನೇನೋ ಹೇಳ್ತಾರೆ, ಮರುಳಾಗ್ಬೇಡ ಅಂತ ನಮ್ಮ ಸೀನಿಯರ್ ಹೇಳಿಕೊಟ್ಟಿದ್ದಾರೆ ಸಾರ್. ಮೇಲೆ ಹೋಗೋವಾಗ ನಿಂತಿತಾ, ಕೆಳಗೆ ಬರೋವಾಗ ನಿಂತಿತಾ?"

"ಮೇಲೆ ಹೋದ್ಮೇಲೆ."

"ಈಗ ಎಲ್ಲಿದ್ದೀರಿ?"

"ಅಟ್ಟದ ಮೇಲೆ."

"ಆ ಥರ ಮಹಡಿ ನಮ್ಮ ಪಟ್ಟೀಲಿ ಇಲ್ವಲ್ಲ ಸಾರ್. ಇರ್ಲಿ. ಗೋಡೆಗೆ ಒರಗಿ ನಿಂತ್ಕೊಳ್ಳಿ."

"ಕೂರೋಕೇ ಆಗ್ತಿಲ್ಲ, ನಿಲ್ಲೋದೆಲ್ಲಿ ತಾಯಿ!"

"ಜೊತೇಲಿರೋರ ಸಂಗಡ ಹರಟೆ ಹೊಡೀರಿ ಸಾರ್. ಹೊತ್ತು ಹೋದದ್ದೇ ತಿಳಿಯೋದಿಲ್ಲ."

ಕೆಳಗಿನಿಂದ ಒಂದು ವಿಚಿತ್ರ ಸದ್ದು ಬಂತು. ಎಣ್ಣೆ ಕಾಣದ ಹೊಲಿಗೆ ಮಿಷನ್ನು ಹೊರಟಂತೆ ಮೊದಲು ಒಂದು ಕಟಕಟ, ಆಮೇಲೆ ಒಂದೇ ಸಮನೆ. ಯಾವಾಗಲೋ ಎಚ್ಚರಗೊಂಡಿದ್ದ ಮಾವ ನಗುತ್ತಿದ್ದರು! ಮದುವೆಯಾದ ನಾಲ್ಕು ವರ್ಷದಲ್ಲಿ ಅಳಿಯ ಆ ಸದ್ದನ್ನು ಕೇಳಿರಲಿಲ್ಲ. ಗಂಡ ನಗುವುದನ್ನು ಕಂಡು ಅತ್ತೆಗೂ ನಗು ಒತ್ತರಿಸಿ ಬಂತು.

"ಹೇಳ್ತಿದ್ದಾಳಲ್ಲ, ಹರಟೆ ಹೊಡೀರಿ ಅಳಿಯಂದ್ರೇ," ಎಂದರು ಅತ್ತೆ ಉಸಿರು ಸಿಕ್ಕಷ್ಟು ಹೊತ್ತಿನಲ್ಲಿ. "ನಾವೂ ಎಲ್ಲಿಗೂ ಹೋಗೋ ಹಾಗಿಲ್ಲ."

"ನೋಡಿ ಸಾರ್," ಎಂದಳು ಫೋನಿನ ಹುಡುಗಿ ಸಂತೋಷದಿಂದ, "ಆಗ್ಲೇ ಹೊತ್ತು ಹೋಗ್ತಾ ಇದೆ." ಫೋನು ಇಟ್ಟಳು.

ಎರಡು ಗಂಟೆ ಹೊತ್ತಿನಿಂದ ಮಡಚಿಟ್ಟಿದ್ದ ಅವನ ಬಲಗಾಲು ಅಷ್ಟು ಹೊತ್ತಿಗೆ ಜೋಮು ಹಿಡಿದು ಅವನದಲ್ಲದ್ದಾಗಿತ್ತು. ಅದನ್ನು ಎರಡೂ ಕೈಯಿಂದ ಎತ್ತಿ ಅಟ್ಟದ ಅಂಚಿನಿಂದ ಕೆಳಕ್ಕೆ ಇಳಿಬಿಟ್ಟ. ಆ ಅಲುಗಾಟಕ್ಕೆ ಮೂರು ಬಾಡಿಗೆದಾರರ ಧೂಳು ಒಟ್ಟಿಗೆ ಎದ್ದು ಅವನ ಮೂಗನ್ನು ಹೊಕ್ಕಿತು. ಕ್ಯಾಮೆರಾವನ್ನು ಬೀಳದಂತೆ ಹಿಡಿದುಕೊಂಡ. ಮೂಗು ತಡೆದ. ತಡೆದ ಸೀನು ಎರಡರಷ್ಟಾಗಿ ಹೊರಬಂತು. ಅಟ್ಟ ಅದುರಿತು, ಫ್ಯಾನಿನ ರೆಕ್ಕೆ ತಾನಾಗಿ ತಿರುಗಿತು, ಯಾವುದೋ ಬೆರಳು ಯಾವುದೋ ಗುಂಡಿ ಒತ್ತಿತು.

ಹೆಂಡತಿ, ಪೇಂಟರ್ ಮತ್ತು ಏಣಿ ಬಂದಾಗ ಗಂಟೆ ಎರಡೂಕಾಲು. ಅವನು ಇಳಿದ. ಕೂದಲು ಬೆಳ್ಳಗಾಗಿತ್ತು, ಒಂದು ಭಾಗ ಧೂಳಿಗೆ, ಒಂದು ಭಾಗ ಯೋಚನೆಗೆ. ಮಗಳು ಕೂತು ಒಂದೊಂದೇ ಗುಂಡುಸೂಜಿ ಕಿತ್ತು ಹೆತ್ತವರನ್ನು ಆಕಾಶದಿಂದ ಬಿಡಿಸಿದಳು. ಅತ್ತೆಯ ಮೊಣಕೈಗೆ ಚಂದ್ರ ಅಂಟಿಕೊಂಡಿದ್ದ. ಆಮೇಲೆ ಅವಳು ಕೈ ಚಾಚಿ "ಕೊಡಿ ಇಲ್ಲಿ" ಎಂದು ಕ್ಯಾಮೆರಾ ತೆಗೆದುಕೊಂಡಳು.

ಒಂದು, ಮುಚ್ಚಿದೆ. ಎರಡು, ಮುಚ್ಚಿದೆ. ಹತ್ತು, ಇಪ್ಪತ್ತು, ಮೂವತ್ತು. ಒಂದೊಂದಕ್ಕೂ ಅವಳ ಕಣ್ಣು ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತ ಹೋಯಿತು. ಮಾತು ಕೊಟ್ಟಿದ್ದಂತೆ ಅವಳು ಕಣ್ಣು ಬಿಡುತ್ತಿದ್ದಳು. ಅವನು ಮತ್ತೆ ಅಟ್ಟ ಹತ್ತಿಬಿಡುವುದೇ ಮೇಲೆಂದು ಏಣಿಯ ಕಡೆ ನೋಡಿದ. ಪೇಂಟರ್ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದ.

ಮೂವತ್ತೆಂಟಕ್ಕೆ ಅವಳ ಬೆರಳು ನಿಂತಿತು.

"ಅಮ್ಮಾ," ಎಂದಳು. "ಬಾ ಇಲ್ಲಿ."

ಹೊದಿಕೆ ಸುಕ್ಕಾಗಿ ಆಕಾಶ ಒಂದು ಕಡೆ ವಾಲಿತ್ತು. ಮೀನು ಎಲ್ಲ ಹಕ್ಕಿಗಳಿಗಿಂತ ಮುಂದೆ ಹೋಗಿತ್ತು. ನಡುವೆ ಕೊಡೆಯ ಕೆಳಗೆ, ಶಾಲೂ ಕೋಟೂ ಗಾಳಿಗೆ ಹಾರುತ್ತ, ಅತ್ತೆ ಮಾವ ಬಾಯ್ತುಂಬ ನಗುತ್ತಿದ್ದರು. ನಗುತ್ತಿದ್ದ ಹಾಗೆಯೇ ಮೇಲಿನ ಸಿಡಿಲಿಗೆ ಬೆಚ್ಚಿ ನೋಡಿದ ಅತ್ತೆಯ ಕಣ್ಣುಗಳು ಅಷ್ಟಗಲ ಅರಳಿದ್ದವು. ಆ ಕಣ್ಣಲ್ಲಿ ನಿದ್ದೆಯ ಸುಳಿವೂ ಇರಲಿಲ್ಲ. ಮತ್ತು ಮೇಲಿನ ಮೂಲೆಯಿಂದ, ದೊಡ್ಡದೊಂದು ಕಾರ್ಮೋಡದಂತೆ, ಹೆಬ್ಬೆರಳು ಹೊರಬಂದ ಕಾಲುಚೀಲ ತೊಟ್ಟ ಒಂದು ಕಾಲು ಇಳಿದುಬರುತ್ತಿತ್ತು.

ಅತ್ತೆ ಬಹಳ ಹೊತ್ತು ನೋಡಿದರು. "ಇವರು ನಕ್ಕಿದ್ದೂ ಬಂದಿದೆ," ಎಂದರು ಕೊನೆಗೆ, ಅದೊಂದೇ ಮಾತು. ನಾಲ್ಕರ ಬಸ್ಸು ಸಿಕ್ಕಿತು. ಅತ್ತೆ ತಲೆಯ ಮೇಲೆ ಒಂದು ಸಣ್ಣ ಮೋಡ ಹೊತ್ತುಕೊಂಡೇ ಕಿಟಕಿಯಿಂದ ಕೈಬೀಸಿದರು. ಯಾರೂ ಹೇಳಲಿಲ್ಲ.

ಸೋಮವಾರ ಆಫೀಸಿನಲ್ಲಿ ಹೊಸ ಹುಡುಗಿ ಉತ್ಸಾಹದಿಂದ ಎದುರಾದಳು. "ಸಾರ್, ನಿನ್ನೆ ಯಾರೋ ಒಬ್ಬ ನಿಮ್ಮ ಹೆಸರು ಹೇಳ್ಕೊಂಡು ಫೋನ್ ಮಾಡಿದ್ದ. ದನಿ ನಿಮ್ಮ ಹಾಗೇ ಇತ್ತು, ಆದ್ರೆ ಅಳು ಬೆರೆತಿತ್ತು. ನಾನು ಮರುಳಾಗ್ಲಿಲ್ಲ."

"ಒಳ್ಳೇ ಕೆಲಸ ಮಾಡಿದೆಯಮ್ಮ," ಎಂದ ಅವನು. ಅವಳು ಟೀ ಕುಡಿಯಲು ಹೋದಾಗ ಗೋಡೆಯ ಹಾಳೆಯಿಂದ ಹರಟೆಯ ವಾಕ್ಯವನ್ನು ಅಳಿಸಲು ನೋಡಿದ. ಪ್ಲಾಸ್ಟಿಕ್ ಹೊದಿಸಿದ್ದವನು ತಾನೇ ಆದ್ದರಿಂದ ಅಳಿಸಲಾಗಲಿಲ್ಲ.

ಹತ್ತು ದಿನದ ಮೇಲೆ ಅತ್ತೆಯ ಫೋನು ಬಂತು. ಫೋಟೋಗೆ ಚೌಕಟ್ಟು ಹಾಕಿಸಿ ಮದುವೆಯ ಫೋಟೋದ ಪಕ್ಕದಲ್ಲೇ ಏರಿಸಿದ್ದಾರಂತೆ. ಬಂದವರು ಈಗ ನಿದ್ದೆಯ ಮಾತೇ ಎತ್ತುವುದಿಲ್ಲವಂತೆ. ಅವನ ಎದೆ ಉಬ್ಬಿತು.

"ಮತ್ತೆ ಆ ಕಾಲು ಅತ್ತೆ?" ಎಂದ ಸಂಕೋಚದಿಂದ.

"ಚೌಕಟ್ಟಿನವನು ಕೇಳ್ದ, ಕಾಲು ಕತ್ತರಿಸಿ ತೆಗೀಲಾ ಅಂತ. ಇವರು ಬಿಲ್ಕುಲ್ ಬೇಡ ಅಂದ್ರು. ಒಳಗೆ ಮಡಚಿ ಹಾಕಿಸಿದ್ದಾರೆ. ಮುಂದೆ ಬೇಕಾದ್ರೆ ಬಿಚ್ಚಿಕೊಂಡು ತೋರಿಸಬಹುದಂತೆ."

ಛಾಯಾಗ್ರಾಹಕನ ಸಹಿಯೆಂಬಂತೆ ತನ್ನ ಕಾಲನ್ನು ಮಾವ ಜೋಪಾನ ಮಾಡಿದ್ದಾರೆ! "ಒಂದ್ನಿಮಿಷ ಅತ್ತೆ, ಮಾವನಿಗೆ ಕೊಡಿ," ಎಂದ. ಮಾವ ಬಂದರು.

"ಹೂಂ."

"ಮಾವ, ಅದನ್ನ ಬಿಚ್ಚೋದು ಯಾವಾಗ?"

ಅತ್ತ ಮಾವ ಪದಗಳನ್ನು ಟೇಪಿಟ್ಟು ಅಳೆಯುತ್ತಿರುವುದು ಕೇಳಿಸುವಂತಿತ್ತು.

"ನೀವು ಬೆಳೆದ ಮೇಲೆ."